ಅಶ್ವಶಕ್ತಿಯ ಅರ್ಥ

ಮಳೆ ಕಡಿಮೆಯಾದ ಕಡೂರು ಸೀಮೆಯ ಚೌಳಹಿರಿಯೂರಿನಂತಹ ಊರುಗಳಲ್ಲಿ ತೆಂಗಿನ ತೋಟಗಳ ಜೀವ ಕೊಳವೆಬಾವಿಯ ಪಂಪಿನಲ್ಲಿದೆ. ಪಂಪನ್ನು ಕೊಳ್ಳುವವರು ಸಾಮಾನ್ಯವಾಗಿ ‘ಎಷ್ಟು ಅಶ್ವಶಕ್ತಿ?’ ಎಂದಷ್ಟೇ ವಿಚಾರಿಸುತ್ತಾರೆ. ಜೇಮ್ಸ್ ವಾಟನು ಕುದುರೆಯ ದುಡಿಮೆಗೆ ಹೋಲಿಸಿ ರೂಢಿಗೆ ತಂದ ಈ ಮಾನವು ಸುಮಾರು 746 ವಾಟುಗಳಿಗೆ ಸಮ. ಅದು ಮೋಟಾರಿನ ಬಲವನ್ನು ತಿಳಿಸುತ್ತದೆಯೇ ಹೊರತು ಮೇಲೇರುವ ನೀರಿನ ಪ್ರಮಾಣವನ್ನಲ್ಲ.

ಒಂದು ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 9.8 ಜೂಲ್ ಶಕ್ತಿ ಬೇಕು. ಸೆಕೆಂಡಿಗೆ 3 ಲೀಟರಿನಂತೆ 60 ಮೀಟರ್ ಎತ್ತಲು 1,764 ವಾಟು ಸಾಕೆನಿಸಿದರೂ, ಪಂಪಿನಲ್ಲಿಯೇ ಅರ್ಧದಷ್ಟು ವ್ಯಯವಾದರೆ ಸುಮಾರು 5 ಅಶ್ವಶಕ್ತಿ ಬೇಕಾಗುತ್ತದೆ. ಅಂತರ್ಜಲ ಕೆಳಗಿಳಿದಂತೆ ಅದೇ ಪಂಪು ಎತ್ತುವ ನೀರು ಕಡಿಮೆಯಾಗುತ್ತದೆ.

ಆದ್ದರಿಂದ ಎತ್ತರ, ನೀರಿನ ಪ್ರಮಾಣ, ದಕ್ಷತೆ ಈ ಮೂರನ್ನೂ ವಿಚಾರಿಸಿಯೇ ಪಂಪನ್ನು ಕೊಳ್ಳಬೇಕು. ಬಾವಿಯಲ್ಲಿಲ್ಲದ ನೀರನ್ನು ಎಷ್ಟು ಬಲದ ಪಂಪೂ ಕೊಡಲಾರದು.