ಹಳೆಯ ಕೋವಿಯ ಜೀರ್ಣೋದ್ಧಾರ

ಕಳೆದ ವರ್ಷ ಎನ್.ಸಿ.ಸಿ. ಶಿಬಿರದಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಕವಾಯತಿಗೆಂದು ನಮಗೆ ಕೊಟ್ಟಿದ್ದ ಹಳೆಯ .303 ರೈಫಲ್ಲುಗಳನ್ನು ಒಂದು ಮಧ್ಯಾಹ್ನ ಶುಚಿ ಮಾಡಬೇಕಾಗಿತ್ತು. ಉಳಿದವರೆಲ್ಲ ಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಬಡಗಿಯ ಮಗ; ಮಾಸಿದ ಮರವನ್ನು ಕಂಡರೆ ಕೈ ಸುಮ್ಮನಿರದು. ಹತ್ತಿರದಲ್ಲಿ ಸಿಕ್ಕಿದ ಮರಳುಕಾಗದದ ಚೂರಿನಿಂದ ಕೋವಿಯ ಹಿಂಬದಿಯ ಮರವನ್ನು ತಿಕ್ಕಿ ತಿಕ್ಕಿ ಹೊಸದರಂತೆ ಮಾಡಿದೆ. ಮೆಚ್ಚುಗೆ ದೊರೆಯುವುದೆಂದು ಎಣಿಸಿ ಹವಾಲ್ದಾರರಿಗೆ ತೋರಿಸಿದಾಗ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಹೊಳಪೇನೋ ಬಂತಪ್ಪ, ಇಲ್ಲಿ ಒತ್ತಿದ್ದ ಅಕ್ಷರ ಎಲ್ಲಿ ಹೋಯಿತು?" ಎಂದು ಕೇಳಿದರು. ಅಲ್ಲಿ ಅಕ್ಷರಗಳಿದ್ದುದು ನಿಜ. ನಾನು ಅವುಗಳನ್ನು ಓದಿರಲೇ ಇಲ್ಲ.

ಆ ಪ್ರಶ್ನೆ ಶಿಬಿರ ಮುಗಿದ ಮೇಲೂ ನನ್ನನ್ನು ಬಿಡಲಿಲ್ಲ. ಹಳೆಯ ಕೋವಿಯನ್ನು ಸರಿಪಡಿಸುವ ಕ್ರಮವಾದರೂ ಯಾವುದು, ಎಲ್ಲಿಯವರೆಗೆ ಕೈಯಾಡಿಸಬಹುದು, ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು ರಜೆಯಲ್ಲಿ ಓದತೊಡಗಿದೆ. ಹಾಗೆ ತಿಳಿದುಕೊಂಡುದನ್ನು ಸಹಪಾಠಿ ಮಿತ್ರರ ಮುಂದೆಯೂ ಅಧ್ಯಾಪಕರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಕೈಗೆ ಬಂದ ಕೋವಿಯ ಹೆಸರು ಲೀ-ಎನ್‌ಫೀಲ್ಡ್. ಇದರ 'ಮಾರ್ಕ್ ಮೂರು' ಎಂಬ ಮಾದರಿಯನ್ನು ಬ್ರಿಟಿಷ್ ಸೈನ್ಯ 1907ರಲ್ಲಿ ಅಂಗೀಕರಿಸಿತು. ತೂಕ ಸುಮಾರು 4 ಕಿಲೋ. ಒಮ್ಮೆಗೆ 10 ತೋಟೆಗಳನ್ನು ತುಂಬಬಹುದು. ಎರಡು ಮಹಾಯುದ್ಧಗಳಲ್ಲಿಯೂ ಭಾರತದ ಸಿಪಾಯಿಗಳು ಇದನ್ನು ಹೊತ್ತು ನಡೆದರು. ಬಂಗಾಳದ ಇಚ್ಛಾಪುರದ ಕಾರ್ಖಾನೆಯಲ್ಲಿ ಸ್ವಾತಂತ್ರ್ಯಕ್ಕೆ ಮೊದಲೂ ಅನಂತರವೂ ಇದು ತಯಾರಾಯಿತು. 1962ರ ಚೀನಾ ಯುದ್ಧದ ತರುವಾಯ ಅದೇ ಕಾರ್ಖಾನೆ ಇದೇ ಆಕಾರದ ಕೋವಿಯನ್ನು 7.62 ಮಿಲಿಮೀಟರ್ ತೋಟೆಗೆ ಹೊಂದಿಸಿ, 2ಎ ಮತ್ತು 2ಎ1 ಎಂಬ ಹೆಸರಿನಲ್ಲಿ ಹೊರತಂದಿತು.

ಸೈನ್ಯಕ್ಕೆ ಬೇಡವಾದ ಕೋವಿಗಳು ಎಲ್ಲಿ ಹೋಗುತ್ತವೆ? ಎರಡನೆಯ ಮಹಾಯುದ್ಧವಾದ ಮೇಲೆ ಅನೇಕ ದೇಶಗಳ ಉಗ್ರಾಣಗಳಲ್ಲಿ ಉಳಿದಿದ್ದ ಆಯುಧಗಳು ರಾಶಿರಾಶಿಯಾಗಿ ಅಮೆರಿಕದ ಮಾರುಕಟ್ಟೆಗೆ ಬಂದವು. ಅಂಚೆಯ ಮೂಲಕ ಕೆಲವೇ ಡಾಲರುಗಳಿಗೆ ಅವು ದೊರೆಯುತ್ತಿದ್ದವು. 1963ರಲ್ಲಿ ಅಧ್ಯಕ್ಷ ಕೆನೆಡಿಯವರ ಹತ್ಯೆಗೆ ಬಳಕೆಯಾದುದು ಹೀಗೆ ಅಂಚೆಯಲ್ಲಿ ತರಿಸಿದ ಇಟಲಿ ಸೈನ್ಯದ ಹಳೆಯ ರೈಫಲ್ಲು. ದುರ್ಬೀನು ಸಹಿತ ಅದರ ಬೆಲೆ 20 ಡಾಲರಿಗೂ ಕಡಿಮೆಯಾಗಿತ್ತು. 1968ರ ಕಾನೂನು ಇಂಥ ಆಮದನ್ನು ತಡೆಯಿತು. 1980ರ ದಶಕದಲ್ಲಿ ಆ ತಡೆ ಸಡಿಲವಾಯಿತು. ಆ ಬಳಿಕ ಇಚ್ಛಾಪುರದ ಕೋವಿಗಳೂ ಸಮುದ್ರ ದಾಟಿ ಅಲ್ಲಿನ ಅಂಗಡಿಗಳನ್ನು ಸೇರಿದವು. ಅವುಗಳನ್ನು ಕೊಂಡು ಮನೆಯಲ್ಲಿಯೇ ಸರಿಪಡಿಸುವುದು ಅಲ್ಲಿ ಅನೇಕರ ಹವ್ಯಾಸವಾಗಿದೆ.

ಈ ಕೆಲಸ ನೋಡುವುದಕ್ಕೆ ಒಂದಾದರೂ ವಾಸ್ತವದಲ್ಲಿ ಎರಡು. ಕೊಳೆ, ತುಕ್ಕುಗಳನ್ನು ತೆಗೆದು, ಇರುವುದನ್ನು ಇನ್ನಷ್ಟು ಕೆಡದಂತೆ ಕಾಪಾಡುವುದು ಜೀರ್ಣೋದ್ಧಾರ. ಮೇಲ್ಮೈಯನ್ನು ಕೆರೆದು ಹೊಸ ಬಣ್ಣ, ಹೊಸ ಮೆರುಗು ಕೊಡುವುದು ಬೇರೆ. ಮೊದಲನೆಯದರಲ್ಲಿ ಕೊಳೆ ಹೋಗುತ್ತದೆ. ಎರಡನೆಯದರಲ್ಲಿ ಕೊಳೆಯ ಜೊತೆಗೆ ವಸ್ತುವಿನದೇ ಒಂದು ಪದರ ಹೋಗುತ್ತದೆ.

ಕೆಲಸದ ಮೊದಲ ಹೆಜ್ಜೆ, ಕೋವಿಯಲ್ಲಿ ತೋಟೆಯಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳುವುದು. ಎರಡನೆಯದು, ಗುರುತುಗಳನ್ನು ಓದಿ ಬರೆದುಕೊಳ್ಳುವುದು. ಹಿಂಬದಿಯ ಮರ ಬಂದು ಕೂರುವ ಉಕ್ಕಿನ ಬಳೆಯ ಮೇಲೆ ಕಾರ್ಖಾನೆ, ಮಾದರಿ, ವರ್ಷಗಳನ್ನು ಒತ್ತಿರುತ್ತಾರೆ. ಇಚ್ಛಾಪುರದ ಹಳೆಯ ಕೋವಿಗಳಲ್ಲಿ ಆ ಬಳೆಯ ಮೇಲೆ ಬ್ರಿಟಿಷ್ ಕಿರೀಟವಿದೆ. ಸ್ವತಂತ್ರ ಭಾರತದಲ್ಲಿ ಮಾಡಿದವುಗಳಲ್ಲಿ ಕಿರೀಟದ ಬದಲಿಗೆ ಅಶೋಕನ ಸಿಂಹಗಳಿವೆ. ಒಂದು ದೇಶದ ಕಥೆ ಹೆಬ್ಬೆರಳಿನಷ್ಟು ಜಾಗದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ.

ಮೂರನೆಯದು ಬಿಚ್ಚುವುದು. ಇಲ್ಲಿ ಅವಸರ ಮಾಡಿದವರು ಕೆಟ್ಟರು. ಮಾರ್ಕ್ ಮೂರರಲ್ಲಿ ಹಿಂಬದಿಯ ಮರವನ್ನು ಹಿಡಿದಿರುವ ಉದ್ದನೆಯ ತಿರುಪಿನ ತುದಿ ಚೌಕವಾಗಿದ್ದು, ಮುಂಬದಿಯ ಮರದಲ್ಲಿರುವ ಒಂದು ತಗಡಿನೊಳಗೆ ಸಿಕ್ಕಿಕೊಂಡಿರುತ್ತದೆ. ಮುಂಬದಿಯ ಮರವನ್ನು ಮೊದಲು ಕಳಚದೆ ಈ ತಿರುಪನ್ನು ತಿರುಗಿಸಿದರೆ ಮರ ಸೀಳಿಹೋಗುತ್ತದೆ. ತಿರುಪುಳಿಯೂ ತಿರುಪಿನ ಗಾಡಿಗೆ ಸರಿಯಾಗಿ ಕೂರುವಂತಿರಬೇಕು. ಇಲ್ಲವಾದರೆ ಅದು ಜಾರಿ ಉಕ್ಕಿನ ಮೇಲೆ ಮಾಯದ ಗಾಯ ಮಾಡುತ್ತದೆ.

ಉಗ್ರಾಣದಲ್ಲಿಡುವ ಕೋವಿಗೆ ತುಕ್ಕು ಹಿಡಿಯದಿರಲೆಂದು ಗಾಡಿಯ ಕೀಲೆಣ್ಣೆಯನ್ನು ಹೋಲುವ ಕಂದು ಬಣ್ಣದ ಜಿಡ್ಡನ್ನು ಬಳಿಯುತ್ತಾರೆ. ವರ್ಷಗಳು ಕಳೆದಂತೆ ಅದು ಮೇಣದಂತೆ ಗಟ್ಟಿಯಾಗುತ್ತದೆ. ಉಕ್ಕಿನ ಭಾಗಗಳಿಂದ ಇದನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಷ್ಷಿನಿಂದ ತೆಗೆಯಬಹುದು. ಮರದೊಳಕ್ಕೆ ಇಳಿದಿರುವುದನ್ನು ತೆಗೆಯಲು ಬಿಸಿಲೇ ಸಾಕು: ಮರ ಬೆವರಿದಂತೆ ಜಿಡ್ಡು ಮೇಲಕ್ಕೆ ಬರುತ್ತದೆ, ಬಂದಂತೆಲ್ಲ ಒರೆಸಬೇಕು. ಆದರೂ ಹೋಗದಿದ್ದರೆ ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಬಳಿದು ಬಿಟ್ಟರೆ ಅದು ಎಣ್ಣೆಯನ್ನು ಹೀರಿಕೊಳ್ಳುತ್ತದೆ.

ನಳಿಗೆಯ ಒಳಗನ್ನು ಶುಚಿ ಮಾಡುವುದರಲ್ಲಿ ಸ್ವಲ್ಪ ರಸಾಯನಶಾಸ್ತ್ರವಿದೆ. ಮಾರ್ಕ್ ಮೂರರ ನಳಿಗೆಯೊಳಗೆ ಐದು ತೋಡುಗಳು ಎಡಕ್ಕೆ ಸುತ್ತುತ್ತ, 10 ಅಂಗುಲಕ್ಕೊಂದು ಸುತ್ತಿನಂತೆ ಸಾಗುತ್ತವೆ. ಗುಂಡು ತಿರುಗುತ್ತ ನೇರವಾಗಿ ಹೋಗುವುದು ಇವುಗಳಿಂದ. ಹಳೆಯ ತೋಟೆಗಳ ಟೋಪಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿಸಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ತೋಡುಗಳಲ್ಲಿ ಉಳಿಯುತ್ತದೆ. ಇದು ಅಡಿಗೆಯ ಉಪ್ಪಿನ ನೆಂಟ. ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದಲೇ ಬ್ರಿಟಿಷ್ ಸೈನ್ಯದಲ್ಲಿ ಆಲಿಕೆಯಿಟ್ಟು ನಳಿಗೆಯೊಳಗೆ ಕುದಿಯುವ ನೀರನ್ನು ಹೊಯ್ಯುವ ಪದ್ಧತಿಯಿತ್ತು. ನೀರಿನ ಬಿಸಿಗೆ ನಳಿಗೆ ಬೇಗ ಒಣಗುತ್ತದೆ. ಎಣ್ಣೆ ಹಾಕುವುದು ಆಮೇಲೆ.

ಮರದ ವಿಷಯದಲ್ಲಿ ನಮ್ಮ ತಂದೆಯ ಕೆಲಸವೇ ನನಗೆ ಪಾಠವಾಯಿತು. ಕುರ್ಚಿಯ ಮರ ಜಜ್ಜಿದ್ದರೆ ಅವರು ಅದನ್ನು ಕೆರೆಯುವುದಿಲ್ಲ. ಒದ್ದೆ ಬಟ್ಟೆ ಹಾಕಿ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಒತ್ತುತ್ತಾರೆ. ಆವಿಯಿಂದ ಮರದ ನಾರು ಉಬ್ಬಿ ತಗ್ಗು ಮೇಲಕ್ಕೆ ಬರುತ್ತದೆ. ಕೋವಿಯ ಮರಕ್ಕೂ ಇದೇ ಉಪಾಯ. ಆದರೆ ಒತ್ತಿದ ಅಕ್ಷರಗಳಿರುವ ಕಡೆ ಇದನ್ನು ಮಾಡಬಾರದು, ಅವೂ ಉಬ್ಬಿ ಅಳಿಸಿಹೋಗುತ್ತವೆ. ಬಳಿಕ ಅಗಸೆ ಎಣ್ಣೆಯನ್ನು ಬಹಳ ತೆಳುವಾಗಿ ಹಚ್ಚಿ, ಅಂಗೈಯಿಂದ ತಿಕ್ಕಿ, ಒಣಗಿದ ಮೇಲೆ ಮತ್ತೆ ಹಚ್ಚಬೇಕು. ಈ ಎಣ್ಣೆ ಆರುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದರಿಂದ. ಆಗ ಶಾಖ ಹುಟ್ಟುತ್ತದೆ. ಎಣ್ಣೆಬಟ್ಟೆಯನ್ನು ಮುದುರಿ ಮೂಲೆಗೆ ಎಸೆದರೆ ಅದು ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಬೇಕು.

ಉಕ್ಕಿನ ಕಪ್ಪು ಬಣ್ಣ ಕೆಲವು ಕೋವಿಗಳಲ್ಲಿ ಬಣ್ಣವೇ ಅಲ್ಲ, ಹದಮಾಡಿದ ತುಕ್ಕು. ಜಿಡ್ಡಿಲ್ಲದ ಉಕ್ಕಿಗೆ ಆಮ್ಲದ ದ್ರಾವಣ ಹಚ್ಚಿ ಕೆಂಪು ತುಕ್ಕು ಬರಿಸುತ್ತಾರೆ. ಅದನ್ನು ನೀರಿನಲ್ಲಿ ಕುದಿಸಿದರೆ ಕಪ್ಪು ಆಕ್ಸೈಡ್ ಆಗುತ್ತದೆ. ಸಡಿಲವಾದ ಪುಡಿಯನ್ನು ಉಜ್ಜಿ ತೆಗೆದು ಪುನಃ ಪುನಃ ಹಾಗೆಯೇ ಮಾಡಿದರೆ ನೀಲಿಗಪ್ಪು ಬಣ್ಣ ನೆಲೆಗೊಳ್ಳುತ್ತದೆ. ಮನೆಯಲ್ಲಿ ಹೊಸ ಮೆರುಗಿನ ಆಸೆ ಹುಟ್ಟುವುದು ಈ ಹಂತದಲ್ಲಿ. ಆದರೆ ಹೊಸ ಕಪ್ಪು ಹತ್ತಬೇಕಾದರೆ ಉಕ್ಕನ್ನು ಮೊದಲು ಉಜ್ಜಿ ನುಣುಪು ಮಾಡಬೇಕು. ಉಜ್ಜಿದರೆ ಕಿರೀಟವೂ ಸಿಂಹವೂ ವರ್ಷವೂ ಸವೆಯುತ್ತವೆ.

ಗುರುತು ಹೋದರೆ ಹೋಯಿತು, ಅಂದ ಬಂತಲ್ಲ ಎನ್ನುವವರಿಗೆ ಇನ್ನೊಂದು ಮಾತು ಹೇಳಬೇಕು. ಲೀ-ಎನ್‌ಫೀಲ್ಡಿನ ಬೋಲ್ಟನ್ನು ಆಯಾ ಕೋವಿಗೇ ಕೂರಿಸಿ, ಎರಡಕ್ಕೂ ಒಂದೇ ಸಂಖ್ಯೆ ಒತ್ತುತ್ತಿದ್ದರು. .303 ತೋಟೆಯ ಅಂಚು ಕೂರುವ ಎಡೆ 0.064 ಅಂಗುಲದಿಂದ 0.074 ಅಂಗುಲದೊಳಗಿರಬೇಕು. ಬೇರೆ ಕೋವಿಯ ಬೋಲ್ಟು ಬಂದು ಈ ಎಡೆ ಹೆಚ್ಚಾದರೆ, ಹಾರಿಸಿದಾಗ ತೋಟೆಯ ಹಿತ್ತಾಳೆ ಹರಿದು ಬಿಸಿ ಅನಿಲ ಹಾರಿಸುವವನ ಮುಖಕ್ಕೆ ನುಗ್ಗಬಹುದು. 7.62 ಮಿಲಿಮೀಟರಿನ 2ಎ1 ನೋಡಲು ಮಾರ್ಕ್ ಮೂರರಂತೆಯೇ ಇದೆ. ಇದು ಯಾವ ತೋಟೆಯ ಕೋವಿಯೆಂದು ಹೇಳುವುದು ಗುರುತು. 'ಡಿ.ಪಿ.' ಎಂಬ ಎರಡಕ್ಷರವಿದ್ದರೆ ಅದು ಕವಾಯತಿಗೆ ಮಾತ್ರ, ಗುಂಡು ಹಾರಿಸಲು ಯೋಗ್ಯವಲ್ಲವೆಂದು ಅರ್ಥ. ಇಂಥ ಅಕ್ಷರವನ್ನು ಅಳಿಸಿದವನು ಮುಂದೆ ಆ ಕೋವಿಯನ್ನು ಹಿಡಿಯುವ ಮನುಷ್ಯನ ಎಚ್ಚರಿಕೆಯನ್ನೇ ಅಳಿಸಿದಂತಾಯಿತು. ಆ ಮನುಷ್ಯ ಯಾರೆಂದು ಅಳಿಸಿದವನಿಗೆ ಎಂದೂ ತಿಳಿಯುವುದಿಲ್ಲ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. 1959ರ ಆಯುಧಗಳ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವುದು ಅಪರಾಧ. ಕೋವಿ ರಿಪೇರಿಯ ಕಸುಬಿಗೂ ಪ್ರತ್ಯೇಕ ಲೈಸೆನ್ಸು ಬೇಕು. .303 ನಿಷಿದ್ಧ ವರ್ಗಕ್ಕೆ ಸೇರಿದುದು. ಕೆನೆಡಿಯವರ ವೃತ್ತಾಂತವನ್ನು ನೆನೆದರೆ ಈ ಕಟ್ಟುನಿಟ್ಟು ಸರಿಯೆಂದೇ ನನಗೆ ತೋರುತ್ತದೆ. ಆದರೆ ಹಳೆಯ ವಸ್ತುಗಳು ನಮ್ಮಲ್ಲಿ ಕೋವಿಯೊಂದೇ ಅಲ್ಲವಷ್ಟೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ .303ಕ್ಕೆ ಗೌರವದಿಂದ ವಿದಾಯ ಹೇಳಿದಂತೆ, ನಮ್ಮ ಮನೆಗಳಿಂದಲೂ ಎಷ್ಟೋ ವಸ್ತುಗಳು ದಿನದಿನವೂ ವಿದಾಯ ಹೊಂದುತ್ತಿವೆ: ತಾತನ ಪೆಟ್ಟಿಗೆ, ಹೆಸರು ಕೊರೆಸಿದ ತಾಮ್ರದ ಹಂಡೆ, ಸವೆದ ಅಳತೆಯ ಸೇರು. ಇವುಗಳಿಗೆ ಹೊಳಪು ಕೊಡಬೇಕೆಂದು ಕೂರುವ ಮೊದಲು ಓದುವುದು ಏನಾದರೂ ಉಂಟೆ ಎಂದು ನೋಡಬೇಕು.

ಶಿಬಿರದಿಂದ ಮರಳಿ ಈ ಸಂಗತಿಯನ್ನು ತಂದೆಗೆ ಹೇಳಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಉಳಿಯನ್ನು ಕೆಳಗಿಟ್ಟು, "ಕೆರೆದು ತೆಗೆದ ಮರ ಮತ್ತೆ ಅಂಟೋದಿಲ್ಲ ಮಗಾ. ನೀನಾದರೂ ಓದು ಬಲ್ಲೋನು, ಓದಿಬಿಟ್ಟು ಕೈ ಹಾಕಬೇಕಿತ್ತು" ಎಂದರು. ಆ ಕೋವಿ ಈಗಲೂ ಉಗ್ರಾಣದಲ್ಲಿ ಉಳಿದವುಗಳಿಗಿಂತ ಹೆಚ್ಚು ಹೊಳೆಯುತ್ತಿರಬೇಕು. ಅದರ ಮರದ ಮೇಲೆ ಏನು ಬರೆದಿತ್ತೆಂಬುದನ್ನು ಮಾತ್ರ ಇನ್ನು ಯಾರೂ ಓದಲಾರರು.