ಗಾಳದ ರಾಟೆ: ಹಣವನ್ನು ಎಲ್ಲಿ ತೆರಬೇಕು?

ಹಾಸನ ಜಿಲ್ಲೆಯಲ್ಲಿ ನೀರಿಗೂ ಮೀನಿಗೂ ಬರವಿಲ್ಲ. ಹೊಳೆನರಸೀಪುರದ ಮಗ್ಗುಲಲ್ಲಿಯೇ ಹೇಮಾವತಿ ಹರಿಯುತ್ತದೆ. ಅರಕಲಗೂಡು ತಾಲ್ಲೂಕಿಗೆ ಒಂದು ಕಡೆ ಹೇಮಾವತಿ, ಮತ್ತೊಂದು ಕಡೆ ಕಾವೇರಿ. ಚನ್ನರಾಯಪಟ್ಟಣದ ಸೀಮೆಯಲ್ಲಿ ಕೆರೆಗಳುಂಟು. ಬಿದಿರ ಕೋಲು, ನಾಲ್ಕು ಮಾರು ಟಂಗೂಸು ದಾರ, ಒಂದು ಬೆಂಡು, ಒಂದು ಎರೆಹುಳು, ಇಷ್ಟಿದ್ದರೆ ಇಲ್ಲಿನ ಹುಡುಗನ ಸಂಜೆಯು ಸಾರ್ಥಕವಾಗುತ್ತಿತ್ತು. ಈಗೀಗ ಕೆರೆಯ ಏರಿಯ ಮೇಲೆ ರಾಟೆ ಕಟ್ಟಿದ ಕೋಲುಗಳೂ ಕಾಣಬರುತ್ತಿವೆ. ಎರಡು ಮೂರು ಸಾವಿರ ರೂಪಾಯಿಗಳನ್ನು ಕೂಡಿಟ್ಟ ವಿದ್ಯಾರ್ಥಿಯು ಅಂಗಡಿಗೆ ಹೋದರೆ ಅವನ ಮುಂದೆ ಹತ್ತಾರು ಬಗೆಯ ರಾಟೆಗಳನ್ನು ಹರಡುತ್ತಾರೆ. ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ‘ಬಾಸ್’ ಮೀನಿನ ಹೆಸರು, ಹನ್ನೆರಡು ಬೇರಿಂಗು, ಏಳಕ್ಕೊಂದು ಗೇರು ಎಂಬ ಬಿರುದುಗಳು. ಇವುಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ಭೌತಶಾಸ್ತ್ರದ ನೆರವಿನಿಂದ ಇಲ್ಲಿ ವಿಚಾರಿಸೋಣ.

ಬಾಸ್ ಎಂಬುದು ಉತ್ತರ ಅಮೆರಿಕದ ಸಿಹಿನೀರಿನ ಮೀನು; ನಮ್ಮ ಕೆರೆಗಳದ್ದಲ್ಲ. ಆದರೆ ಅದರಂತೆ ಜೊಂಡಿನ ನಡುವೆ ಹೊಂಚುಹಾಕಿ ಎರಗುವ ಬೇಟೆಗಾರ ನಮ್ಮಲ್ಲಿಯೂ ಉಂಟು. ಅದೇ ಕೊರವ ಮೀನು. ಕೆಲವು ಊರುಗಳಲ್ಲಿ ಇದನ್ನು ಕುಚ್ಚು ಎನ್ನುತ್ತಾರೆ. ನೀರಿನಲ್ಲಿ ಕರಗಿದ ಆಮ್ಲಜನಕವಷ್ಟೇ ಇದಕ್ಕೆ ಸಾಲದು. ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ನುಂಗಬೇಕು. ಕಪ್ಪೆಯೆಂದರೆ ಅದಕ್ಕೆ ಪ್ರಾಣ. ಹತ್ತು ಹನ್ನೆರಡು ಗ್ರಾಂ ತೂಗುವ ರಬ್ಬರಿನ ಹುಸಿಕಪ್ಪೆಯನ್ನು ಜೊಂಡಿನ ಅಂಚಿಗೆ ಎಸೆದು ಎಳೆದರೆ ಕೊರವ ಎರಗುತ್ತದೆ. ಬಾಸ್ ಮೀನಿಗಾಗಿ ರೂಪಿಸಿದ ರಾಟೆಯು ನಮಗೆ ಒದಗುವುದು ಹೀಗೆ.

ಈ ರಾಟೆಯಲ್ಲಿ ದಾರ ಸುತ್ತಿದ ಉರುಳೆಯು ಕೋಲಿಗೆ ಅಡ್ಡಲಾಗಿ ಕುಳಿತಿರುತ್ತದೆ. ಎರೆಯನ್ನು ಬೀಸಿ ಎಸೆದಾಗ ಉರುಳೆಯೇ ತಿರುಗಿ ದಾರವನ್ನು ಬಿಡುತ್ತದೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಹಲ್ಲುಗಾಲಿಗಳ ಮೂಲಕ ಉರುಳೆಯು ಹಲವು ಸುತ್ತು ತಿರುಗುತ್ತದೆ. 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಜಾರ್ಜ್ ಸ್ನೈಡರ್ ಎಂಬಾತನು ಇಂಥ ರಾಟೆಗಳನ್ನು ನಯವಾಗಿ ಮಾಡಿ ಹೆಸರಾದನು. ಅವನ ಕಸಬು ಗಡಿಯಾರದ ಕೆಲಸ. ಈ ಯಂತ್ರದ ಗುಟ್ಟು ಸೂಕ್ಷ್ಮ ಕೆಲಸದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಒಂದು ಲೆಕ್ಕ. ದಾರ ತುಂಬಿದ ಉರುಳೆಯ ವ್ಯಾಸ 32 ಮಿಲಿಮೀಟರು ಎಂದುಕೊಳ್ಳಿ. ಅದರ ಸುತ್ತಳತೆ ಸುಮಾರು 10 ಸೆಂಟಿಮೀಟರು. ಎರೆಯು ಸೆಕೆಂಡಿಗೆ 20 ಮೀಟರು ವೇಗದಿಂದ ಹೊರಟರೆ ಉರುಳೆಯು ಸೆಕೆಂಡಿಗೆ 200 ಸುತ್ತು, ಎಂದರೆ ನಿಮಿಷಕ್ಕೆ 12,000 ಸುತ್ತು ತಿರುಗಬೇಕಾಗುತ್ತದೆ! ನಮ್ಮ ತಲೆಯ ಮೇಲಿನ ಫ್ಯಾನು ಪೂರ್ಣ ವೇಗದಲ್ಲಿಯೂ ನಿಮಿಷಕ್ಕೆ ಮುನ್ನೂರೈವತ್ತರ ಆಸುಪಾಸಿನಲ್ಲಿಯೇ ಸುತ್ತುತ್ತದೆ. ಎರೆಯಾದರೋ ಗಾಳಿಯ ತಡೆಯಿಂದ ಕ್ಷಣಕ್ಷಣಕ್ಕೆ ನಿಧಾನವಾಗುತ್ತದೆ. ಉರುಳೆಗೆ ಆ ಸುದ್ದಿ ತಿಳಿಯದು. ಜಡತ್ವದಿಂದ ಅದು ಹಿಂದಿನ ವೇಗದಲ್ಲಿಯೇ ತಿರುಗುತ್ತದೆ. ಎರೆಗೆ ಬೇಕಾದುದಕ್ಕಿಂತ ಹೆಚ್ಚು ದಾರ ಹೊರಬಿದ್ದು, ಸುರುಳಿಯ ಮೇಲೆ ಸುರುಳಿ ಬಿದ್ದು, ರಾಟೆಯೊಳಗೆ ಗೀಜಗನ ಗೂಡೇ ಏರ್ಪಡುತ್ತದೆ. ನಾವೊಮ್ಮೆ ಚನ್ನರಾಯಪಟ್ಟಣದ ಸಮೀಪದ ಕೆರೆಯೊಂದರ ಏರಿಯ ಮೇಲೆ, ಎದುರುಗಾಳಿಯಲ್ಲಿ, ಅಗ್ಗದ ರಾಟೆಯೊಂದರಿಂದ ಮೊದಲ ಎಸೆತ ಎಸೆದು ಸಂಜೆಯವರೆಗೆ ಗಂಟು ಬಿಡಿಸುತ್ತ ಕುಳಿತಿದ್ದೆವು. ಕೊನೆಗೆ ಕತ್ತರಿಯೇ ಗತಿಯಾಯಿತು. ಕತ್ತರಿಸಿದ ದಾರವನ್ನು ಅಲ್ಲಿಯೇ ಬಿಡುವಂತಿಲ್ಲ. ನೈಲಾನು ಕೊಳೆಯುವುದಿಲ್ಲ, ನೀರುಕೋಳಿಯ ಕಾಲಿಗೆ ಅದು ಉರುಲಾಗುತ್ತದೆ.

ತೂಕದ ವಿಷಯವನ್ನು ಅಂಗಡಿಯವರು ಹೇಳುವುದೇ ಇಲ್ಲ. ಉರುಳೆ ಮತ್ತು ದಾರ ಸೇರಿ 24 ಗ್ರಾಂ ಇದ್ದರೆ, ಅದನ್ನು ಗಟ್ಟಿ ಸಿಲಿಂಡರಿನಂತೆ ಎಣಿಸಿದಾಗ, ಅದನ್ನು ತಿರುಗಿಸುವುದು 12 ಗ್ರಾಂ ವಸ್ತುವನ್ನು ಎರೆಯ ವೇಗದಲ್ಲಿಯೇ ಓಡಿಸಿದಂತೆ. ಎರೆಯೂ 12 ಗ್ರಾಂ ಇದ್ದರೆ ನಮ್ಮ ಬೀಸಿನ ಶಕ್ತಿಯಲ್ಲಿ ಅರ್ಧವನ್ನು ಉರುಳೆಯೇ ನುಂಗಿತು. ಎರೆ 6 ಗ್ರಾಂ ಆದರೆ ಮೂರರಲ್ಲಿ ಎರಡು ಪಾಲು ಉರುಳೆಯದು. ಆ ಶಕ್ತಿಯೇ ಅನಂತರ ಗಂಟಾಗಿ ನಮಗೆ ಮರಳುತ್ತದೆ. ಆದುದರಿಂದ ಹಗುರವಾದ, ಆಳ ಕಡಿಮೆಯಾದ ಅಲ್ಯೂಮಿನಿಯಂ ಉರುಳೆಗೆ ಕೊಟ್ಟ ಹಣ ವ್ಯರ್ಥವಲ್ಲ. ದಾರದ ತೂಕವೂ ಅಲ್ಪವೇನಲ್ಲ: 0.35 ಮಿಲಿಮೀಟರು ದಪ್ಪದ ನೈಲಾನು 100 ಮೀಟರಿಗೆ ಸುಮಾರು 11 ಗ್ರಾಂ ತೂಗುತ್ತದೆ. ಕೆರೆಯ ದಡದಿಂದ ನಲವತ್ತು ಮೀಟರು ಎಸೆಯುವವನಿಗೆ ಇನ್ನೂರು ಮೀಟರು ದಾರವೇಕೆ? ಏಳು ಗ್ರಾಮಿಗಿಂತ ಹಗುರವಾದ ಎರೆಯನ್ನೇ ಬಳಸುವೆನೆಂಬವರು ಈ ಜಾತಿಯ ಅಗ್ಗದ ರಾಟೆಯನ್ನು ಕೊಳ್ಳದಿರುವುದೇ ಲೇಸು. ಉರುಳೆಯು ಅಲುಗದೆ ನಿಂತು, ದಾರವು ಅದರ ಅಂಚಿನಿಂದ ಜಾರಿ ಹೋಗುವ ‘ಸ್ಪಿನ್ನಿಂಗ್’ ರಾಟೆ ಅವರಿಗೆ ತಕ್ಕದ್ದು.

ಉರುಳೆಯನ್ನು ಹದವಾಗಿ ತಡೆಯುವ ಬ್ರೇಕು ಎರಡು ವಿಧ. ಮೊದಲನೆಯದು ಕೇಂದ್ರಾಪಗಾಮಿ ಬ್ರೇಕು. ಉರುಳೆಯ ಪಕ್ಕದ ಪುಟ್ಟ ಗುಂಡಿಗಳು ತಿರುಗುವಾಗ ಹೊರಕ್ಕೆ ಸರಿದು ಒಂದು ಬಳೆಗೆ ಉಜ್ಜುತ್ತವೆ. ಈ ಬಲವು ವೇಗದ ವರ್ಗಕ್ಕೆ ಅನುಗುಣವಾದುದು. ಹೊರಟಾಗ ಬಿಗಿಯಾಗಿ ಹಿಡಿದು, ವೇಗವು ಅರ್ಧಕ್ಕೆ ಇಳಿದಾಗ ಹಿಡಿತವನ್ನು ಕಾಲು ಭಾಗಕ್ಕೆ ಇಳಿಸುತ್ತದೆ. ಎರಡನೆಯದು ಕಾಂತ ಬ್ರೇಕು. 1980ರ ದಶಕದಿಂದ ಬಳಕೆಗೆ ಬಂದುದು. ಅಲ್ಯೂಮಿನಿಯಮನ್ನು ಅಯಸ್ಕಾಂತವು ಎಳೆಯುವುದಿಲ್ಲ, ನಿಜ. ಆದರೆ ಕಾಂತಕ್ಷೇತ್ರದಲ್ಲಿ ತಿರುಗುವ ಅಲ್ಯೂಮಿನಿಯಮಿನಲ್ಲಿ ಸುಳಿ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ. ತಮ್ಮನ್ನು ಹುಟ್ಟಿಸಿದ ಚಲನೆಯನ್ನೇ ಅವು ವಿರೋಧಿಸುತ್ತವೆ. ಲೆಂಝನ ನಿಯಮವೆಂದು ನಾವು ಓದುವುದು ಇದನ್ನೇ. ಹಳೆಯ ವಿದ್ಯುತ್ ಮೀಟರುಗಳ ಗಾಜಿನ ಹಿಂದೆ ನಿಧಾನವಾಗಿ ತಿರುಗುತ್ತಿದ್ದ ತಟ್ಟೆಯನ್ನು ಕಂಡವರುಂಟಷ್ಟೆ; ಅದನ್ನು ಹದ್ದಿನಲ್ಲಿಡುತ್ತಿದ್ದುದೂ ಇಂಥ ಅಯಸ್ಕಾಂತವೇ. ಈ ತಡೆಯು ವೇಗಕ್ಕೆ ಅನುಗುಣವಾಗಿ ಇಳಿಯುತ್ತದೆ. ವೇಗ ಅರ್ಧವಾದರೆ ತಡೆಯೂ ಅರ್ಧ. ಅಂದರೆ ಎಸೆತದ ಕೊನೆಯ ಭಾಗದಲ್ಲಿಯೂ ಹಿಡಿತ ಉಳಿದಿರುತ್ತದೆ. ಕಲಿಯುವವನಿಗೆ, ಎದುರುಗಾಳಿಗೆ, ಹೊರಗಿನಿಂದಲೇ ತಿರುಪಿ ಹೊಂದಿಸಬಹುದಾದ ಕಾಂತ ಬ್ರೇಕು ಮೇಲೆಂಬುದು ನಮ್ಮ ಅಭಿಪ್ರಾಯ. ಪಳಗಿದ ಕೈಗೆ ದೂರ ಬೇಕೆನಿಸಿದಾಗ ಮೊದಲನೆಯದನ್ನು ನೋಡಿಕೊಳ್ಳಬಹುದು.

ಬೇರಿಂಗುಗಳ ಸಂಖ್ಯೆಗೆ ಮರುಳಾಗಬಾರದು. ಎಸೆತದಲ್ಲಿ ಕೆಲಸಮಾಡುವುವು ಉರುಳೆಯ ಅಕ್ಷವನ್ನು ಹೊತ್ತ ಎರಡು ಮೂರು ಮಾತ್ರ. ಹಿಡಿಯ ಗುಬುಟಿನೊಳಗೆ ನಾಲ್ಕು ಬೇರಿಂಗು ಸೇರಿಸಿದರೆ ಎರೆಯು ಒಂದು ಗೇಣೂ ಮುಂದೆ ಬೀಳದು. ಗೇರಿನ ವಿಷಯವೂ ಸೈಕಲ್ಲಿನದೇ: ಹೆಚ್ಚು ವೇಗ ಬೇಕೆಂದರೆ ಹೆಚ್ಚು ಬಲ ತೆರಬೇಕು. ಆರಕ್ಕೊಂದರ ಆಸುಪಾಸಿನ ಗೇರಿನಲ್ಲಿ ಹಿಡಿಯ ಒಂದು ಸುತ್ತಿಗೆ ಸುಮಾರು 60 ಸೆಂಟಿಮೀಟರು ದಾರ ಬರುತ್ತದೆ. ನಮ್ಮ ಕೆರೆಗೆ ಅದು ಧಾರಾಳ.

ಉಳಿದ ಹಣವನ್ನೆಲ್ಲ ಡ್ರ್ಯಾಗಿಗೆ ಕೊಡಿ. ಮೀನು ಬಲವಾಗಿ ಎಳೆದಾಗ ದಾರ ಹರಿಯುವ ಮುನ್ನವೇ ಉರುಳೆಯು ಜಾರಿ ದಾರ ಬಿಡುವಂತೆ ಮಾಡುವ ಘರ್ಷಣೆಯ ಬಿಲ್ಲೆಗಳಿವು. ನಿಂತ ವಸ್ತುವಿನ ಘರ್ಷಣೆಯು ಜಾರುವ ವಸ್ತುವಿನದಕ್ಕಿಂತ ಹೆಚ್ಚೆಂಬುದನ್ನು ನಾವು ಓದಿದ್ದೇವೆ. ಕಳಪೆ ಬಿಲ್ಲೆಗಳಲ್ಲಿ ಈ ಅಂತರ ದೊಡ್ಡದು. ಬಿಗಿಹಿಡಿದು, ತಟ್ಟನೆ ಬಿಟ್ಟು, ಮತ್ತೆ ಬಿಗಿಹಿಡಿಯುವ ಆ ಜಗ್ಗಿಗೆ ದಾರ ಹರಿಯುತ್ತದೆ. ಆಗ ಮೀನು ಬಾಯಲ್ಲಿ ಗಾಳವನ್ನೂ, ಹಿಂದೆ ಹತ್ತಾರು ಮೀಟರು ನೈಲಾನನ್ನೂ ಹೊತ್ತು ಜೊಂಡಿಗೆ ನುಗ್ಗುತ್ತದೆ. ಕಾರ್ಬನ್ ನಾರಿನ ಬಿಲ್ಲೆಗಳಲ್ಲಿ ಈ ದೋಷ ಕಡಿಮೆ. ಅಂಗಡಿಯಲ್ಲಿಯೇ ಡ್ರ್ಯಾಗನ್ನು ಅರ್ಧ ಬಿಗಿಮಾಡಿ ದಾರವನ್ನು ಮೆಲ್ಲಗೆ ಎಳೆದುನೋಡಿ. ಬೆಣ್ಣೆಯಲ್ಲಿ ಎಳೆದಂತೆ ಹೊರಡಬೇಕು. ಮನೆಯಲ್ಲಿ ಕಮಾನು ತಕ್ಕಡಿಗೆ ದಾರ ಕಟ್ಟಿ, 5 ಕಿಲೊ ತಾಳುವ ದಾರಕ್ಕೆ ಒಂದೂಕಾಲು ಕಿಲೊಗೆ ಜಾರುವಂತೆ ತಿರುಪಿರಿ. ಅದಕ್ಕಿಂತ ಬಿಗಿ ಬೇಡವೆನ್ನಲು ಕಾರಣವುಂಟು. ದಾರ ಬಿಚ್ಚಿಹೋದಂತೆ ಸುರುಳಿಯ ತ್ರಿಜ್ಯ ಕುಗ್ಗುತ್ತದೆ. 16 ಮಿಲಿಮೀಟರು 10ಕ್ಕೆ ಇಳಿದರೆ, ಬಿಲ್ಲೆ ಅದೇ ಆದರೂ, ದಾರದ ಮೇಲಿನ ಎಳೆತ ಒಂದೂವರೆ ಪಟ್ಟಿಗೂ ಮಿಗುತ್ತದೆ.

ದೊಡ್ಡ ಮೀನೆಂದೊಡನೆ ಕಾವೇರಿಯ ಬಿಳಿಮೀನು, ಎಂದರೆ ಮಹಸೀರ್, ನೆನಪಾಗುವುದು ಸಹಜ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಸೀರ್ 120 ಪೌಂಡು, ಸುಮಾರು 54 ಕಿಲೊ ತೂಗಿತ್ತು. ಆ ಕಾಲ ಹೋಯಿತು. ಕಾವೇರಿ ಜಲಾನಯನದ ಡುಬ್ಬದ ಮಹಸೀರನ್ನು 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಮಡುವಿನಲ್ಲಿ ಮಹಸೀರುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಮಂಡಕ್ಕಿ ಹಾಕಿ ನೋಡಬಹುದು, ಗಾಳ ಹಾಕುವಂತಿಲ್ಲ. ಕೆರೆಗಳಲ್ಲಿಯೂ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಗುತ್ತಿಗೆದಾರರದು ಅಥವಾ ಮೀನುಗಾರರ ಸಂಘದ್ದು. ಅವರನ್ನು ಕೇಳಿಕೊಂಡೇ ಕೋಲು ಬಿಚ್ಚಬೇಕು.

ಹೊಸ ರಾಟೆಯನ್ನು ಮೊದಲು ಕೆರೆಗೆ ಒಯ್ಯಬೇಡಿ. ಶಾಲೆಯ ಬಯಲಿಗೆ ಒಯ್ಯಿರಿ. ಗಾಳದ ಬದಲು ಹದಿನೈದು ಗ್ರಾಮಿನ ಮರದ ತುಂಡನ್ನು ಕಟ್ಟಿ. ಗುಂಡಿಯೊತ್ತಿದಾಗ ತುಂಡು ಮೆಲ್ಲಗೆ ಇಳಿದು, ನೆಲ ಮುಟ್ಟಿದೊಡನೆ ಉರುಳೆ ನಿಲ್ಲುವಷ್ಟು ಪಕ್ಕದ ತಿರುಪನ್ನು ಬಿಗಿಮಾಡಿ. ಬ್ರೇಕನ್ನು ಪೂರ್ತಿ ಏರಿಸಿ ಅರ್ಧ ಬಲದಿಂದ ಎಸೆಯಿರಿ. ಹೆಬ್ಬೆರಳು ಉರುಳೆಯ ಮೇಲೆ ಹಗುರವಾಗಿ ಸೋಕುತ್ತಿರಲಿ; ತುಂಡು ನೆಲಕ್ಕೆ ಬೀಳುವ ಮುನ್ನವೇ ಒತ್ತಿ ನಿಲ್ಲಿಸಿ. ದಿನಕ್ಕೆ ಐವತ್ತು ಎಸೆತದಂತೆ ಒಂದು ವಾರ ಕಳೆದ ಮೇಲೆ ಬ್ರೇಕನ್ನು ಒಂದೊಂದೇ ಗುರುತಿನಷ್ಟು ಇಳಿಸುತ್ತ ಬರಬಹುದು.