ಪಣಂಬೂರಿನ ಪ್ರವಾಸಿ ಹಡಗುಗಳು ಮತ್ತು ಮೈಸೂರಿನ ಸರಕು

ಒಳನಾಡಿನ ಮೈಸೂರು ಸಂಸ್ಥಾನಕ್ಕೆ ತನ್ನದೆನ್ನುವ ಕಡಲತೀರವಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಮಂಗಳೂರು ಬಂದರು ಆಂಗ್ಲರ ವಶವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕರಾವಳಿಯ ಜಿಲ್ಲೆಗಳು ಸೇರಿ ಮೈಸೂರು ರಾಜ್ಯಕ್ಕೆ ಕಡಲು ದೊರೆಯಿತು. ಇಂದು ಮೈಸೂರಿನಿಂದ ಸುಮಾರು 250 ಕಿ.ಮೀ. ದೂರದ ಪಣಂಬೂರಿನಲ್ಲಿ ಕರ್ನಾಟಕದ ಏಕೈಕ ಪ್ರಮುಖ ಬಂದರಾದ ನವಮಂಗಳೂರು ಬಂದರು ಇದೆ. ಕಚ್ಚಾತೈಲ, ಕಲ್ಲಿದ್ದಲುಗಳ ಹಡಗುಗಳ ನಡುವೆ, ಚಳಿಗಾಲದ ತಿಂಗಳುಗಳಲ್ಲಿ ವಿದೇಶೀ ಪ್ರವಾಸಿಗರನ್ನು ಹೊತ್ತ ಕ್ರೂಸ್ ಹಡಗುಗಳೂ ಅಲ್ಲಿಗೆ ಬಂದು ತಂಗುತ್ತವೆ. ಇವುಗಳಿಂದ ಮೈಸೂರಿನ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಆಗಬಹುದಾದ ಪ್ರಯೋಜನವೆಷ್ಟು, ಅದನ್ನು ಪಡೆಯಲು ಮಾಡಬೇಕಾದ ಸಿದ್ಧತೆ ಎಂತಹುದು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಉಚಿತ.

ಬಂದರಿನ ಹಿನ್ನೆಲೆ

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಹಾಗೂ ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಯೊಳಗಿದ್ದುದರಿಂದ ಅಲ್ಲಿಗೆ ದೊಡ್ಡ ಹಡಗುಗಳು ಪ್ರವೇಶಿಸುವಂತಿರಲಿಲ್ಲ. ಅವು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಾಗುತ್ತಿತ್ತು. ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದ ಫಲವಾಗಿ ಪಣಂಬೂರಿನಲ್ಲಿ ನೆಲವನ್ನು ಅಗೆದು ಕೃತಕ ಬಂದರನ್ನು ನಿರ್ಮಿಸುವ ಕಾರ್ಯ 1962ರಲ್ಲಿ ಆರಂಭವಾಯಿತು. 1974ರ ಮೇ 4ರಂದು ಅದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು.

ಕುದುರೆಮುಖದ ಕಬ್ಬಿಣದ ಅದಿರು, ಎಂ.ಆರ್.ಪಿ.ಎಲ್. ಸಂಸ್ಕರಣಾಗಾರದ ತೈಲ, ಕೊಡಗು–ಚಿಕ್ಕಮಗಳೂರುಗಳ ಕಾಫಿ, ಕರಾವಳಿಯ ಗೋಡಂಬಿ ಇವೇ ಈ ಬಂದರನ್ನು ಬೆಳೆಸಿದ ಸರಕುಗಳು. ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ವಾರ್ಷಿಕ 4 ಕೋಟಿ ಟನ್‌ಗೂ ಮೀರಿದ ಸರಕು ನಿರ್ವಹಣೆಯಾಗಿದೆ. ಬಂದರಿನ ಜೀವಾಳ ಸರಕು ಸಾಗಣೆಯೇ ಹೊರತು ಪ್ರವಾಸಿಗರಲ್ಲ ಎಂಬುದನ್ನು ಮೊದಲಿಗೇ ಮನಗಾಣಬೇಕು.

ಹಡಗುಗಳ ಗಾತ್ರ

1912ರಲ್ಲಿ ಮುಳುಗಿದ ಟೈಟಾನಿಕ್ ಹಡಗು 269 ಮೀಟರ್ ಉದ್ದವಿದ್ದು, ಅದರ ನೋಂದಾಯಿತ ಟನ್ನೇಜು ಸುಮಾರು 46,000 ಆಗಿತ್ತು. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ಹಡಗು ಸುಮಾರು 365 ಮೀಟರ್ ಉದ್ದವಿದ್ದು, ಅದರ ಟನ್ನೇಜು 2,48,663. ಇಲ್ಲಿ ಟನ್ನೇಜೆಂದರೆ ತೂಕವಲ್ಲ, ಹಡಗಿನ ಒಳಾವರಣದ ಅಳತೆ. ಇಪ್ಪತ್ತು ಅಂತಸ್ತುಗಳ ಈ ಹಡಗಿನಲ್ಲಿ 7,600 ಪ್ರಯಾಣಿಕರಿಗೂ 2,350 ಸಿಬ್ಬಂದಿಗೂ ಸ್ಥಳಾವಕಾಶವಿದೆ. ಜಗತ್ತಿನಲ್ಲಿ ಕ್ರೂಸ್ ಯಾನ ಕೈಗೊಂಡವರ ಸಂಖ್ಯೆ 2019ರಲ್ಲಿ 2.97 ಕೋಟಿಯಿದ್ದುದು 2024ರಲ್ಲಿ 3.46 ಕೋಟಿಗೆ ಏರಿತೆಂದು ಕ್ರೂಸ್ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆಯು ತಿಳಿಸಿದೆ.

ಇಂತಹ ದೈತ್ಯ ಹಡಗುಗಳು ನಮ್ಮ ಕರಾವಳಿಗೆ ಬಾರದಿರಲು ನೀರಿನ ಆಳವೇ ಕಾರಣವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಐಕಾನ್ ಹಡಗಿನ ತಳವು ನೀರಿನಲ್ಲಿ ಮುಳುಗುವುದು 9 ಮೀಟರ್‌ಗಿಂತ ತುಸು ಹೆಚ್ಚು ಮಾತ್ರ. ಪಣಂಬೂರಿನ ಪ್ರವೇಶ ಕಾಲುವೆಯಾದರೋ 15 ಮೀಟರ್ ಆಸುಪಾಸಿನ ಆಳವುಳ್ಳದ್ದು. ತುಂಬಿದ ತೈಲವಾಹಕಗಳೇ ಅಲ್ಲಿಗೆ ಬರುತ್ತವೆ. ಕೊರತೆಯಿರುವುದು ಆಳದಲ್ಲಲ್ಲ, ಪ್ರಯಾಣಿಕರಲ್ಲಿ. ಏಳು ಸಾವಿರ ಜನರನ್ನು ವಾರವಾರವೂ ಇಳಿಸಿ, ಅಷ್ಟೇ ಜನರನ್ನು ಹತ್ತಿಸಿಕೊಳ್ಳಲು ಬೇಕಾದ ವಿಮಾನ ಸಂಪರ್ಕ, ಹೋಟೆಲು ಹಾಗೂ ಗಿರಾಕಿಗಳ ಸಮೂಹವು ಮಯಾಮಿ, ಬಾರ್ಸಿಲೋನಾ, ಸಿಂಗಪುರಗಳಂತಹ ಕಡೆಗಳಲ್ಲಿದೆ.

ತವರು ಬಂದರು ಮತ್ತು ತಂಗು ಬಂದರು

ಕ್ರೂಸ್ ವ್ಯವಹಾರದಲ್ಲಿ ಬಂದರುಗಳು ಎರಡು ಬಗೆ. ಯಾನವು ಎಲ್ಲಿ ಆರಂಭವಾಗಿ ಮುಗಿಯುವುದೋ ಅದು ತವರು ಬಂದರು. ಆಹಾರ, ಪಾನೀಯ, ಹಾಸುಹೊದಿಕೆ, ಸಾಬೂನು ಮುಂತಾದುವನ್ನು ಹಡಗಿಗೆ ತುಂಬಿಸುವುದು ಬಹುಮಟ್ಟಿಗೆ ಅಲ್ಲಿಯೇ. ಅದೂ ಕಂಪನಿಯ ಕೇಂದ್ರ ಕಚೇರಿಯ ದೀರ್ಘಾವಧಿ ಗುತ್ತಿಗೆಗಳ ಮೂಲಕ. ನಡುವೆ ಹಗಲು ಹೊತ್ತು ನಿಂತು ಹೋಗುವ ಸ್ಥಳ ತಂಗು ಬಂದರು. ಮುಂಬಯಿಯನ್ನು ತವರಾಗಿಸಿಕೊಂಡು 2021ರಲ್ಲಿ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗು ಸಂಚಾರ ಆರಂಭಿಸಿತು. ವಿದೇಶೀ ಕ್ರೂಸ್ ಹಡಗುಗಳಿಗೆ ನವಮಂಗಳೂರು ತಂಗು ಬಂದರು. ಹೀಗಾಗಿ ಇಲ್ಲಿ ಹಡಗಿಗೇ ಸರಕು ಪೂರೈಸುವ ಅವಕಾಶ ಅತ್ಯಲ್ಪ; ಹಡಗಿನಿಂದ ಇಳಿದ ಪ್ರಯಾಣಿಕನ ಕೈಚೀಲವೇ ನಿಜವಾದ ಮಾರುಕಟ್ಟೆ.

ಕೋವಿಡ್ ವ್ಯಾಧಿಯ ನಿಮಿತ್ತ 2020ರ ಮಾರ್ಚ್‌ನಲ್ಲಿ ವಿದೇಶೀ ಕ್ರೂಸ್ ಹಡಗುಗಳಿಗೆ ದೇಶದ ಬಂದರುಗಳು ಮುಚ್ಚಿದವು. ಎರಡೂವರೆ ವರ್ಷಗಳ ತರುವಾಯ, 2022ರ ನವೆಂಬರ್ 28ರಂದು ಜರ್ಮನ್ ಸಂಸ್ಥೆಯೊಂದರ 'ಯುರೋಪಾ 2' ಹಡಗು ಪಣಂಬೂರಿಗೆ ಬಂದಿತು. 225 ಮೀಟರ್ ಉದ್ದದ ಈ ಹಡಗು ಸುಮಾರು 500 ಪ್ರಯಾಣಿಕರಿಗಾಗಿ ಕಟ್ಟಿದ್ದು. ಸಂಖ್ಯೆ ಕಿರಿದಾದರೂ ಇಂತಹ ಹಡಗುಗಳ ಪ್ರಯಾಣಿಕರು ಅನುಕೂಲಸ್ಥರು, ಬಹುತೇಕ ಹಿರಿಯ ವಯಸ್ಸಿನವರು, ಕುಶಲ ಕೆಲಸದ ಬೆಲೆ ಬಲ್ಲವರು.

ಎಂಟು ಗಂಟೆಗಳ ವ್ಯಾಪಾರ

ಬೆಳಿಗ್ಗೆ ಬಂದ ಹಡಗು ಸಾಮಾನ್ಯವಾಗಿ ಸಂಜೆಗೆ ಹೊರಡುತ್ತದೆ. ವಲಸೆ ಮತ್ತು ಸುಂಕದ ತಪಾಸಣೆ ಕಳೆದು ಪ್ರಯಾಣಿಕನಿಗೆ ಉಳಿಯುವುದು ಏಳೆಂಟು ಗಂಟೆ. ಅಷ್ಟರಲ್ಲಿ ಅವರು ಮೂಡಬಿದರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕದ್ರಿ ಮತ್ತು ಕುದ್ರೋಳಿಯ ದೇವಾಲಯಗಳು, ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ, ಪಿಲಿಕುಳ, ಗೋಡಂಬಿ ಕಾರ್ಖಾನೆಗಳನ್ನು ನೋಡಿ ಹಿಂದಿರುಗುತ್ತಾರೆ. ಮಡಿಕೇರಿಯ ಮಾರ್ಗವಾಗಿ ಮೈಸೂರಿಗೆ ಬಂದು ಅರಮನೆಯನ್ನು ನೋಡಿ ಅದೇ ಸಂಜೆ ಹಡಗು ಹತ್ತುವುದು ಅಸಾಧ್ಯ. ಮೈಸೂರಿನ ದಸರಾ ಮುಗಿದ ಮೇಲೆಯೇ ಕ್ರೂಸ್ ಋತು ಕಾವೇರುವುದರಿಂದ ಆ ಆಕರ್ಷಣೆಯೂ ಉಪಯೋಗಕ್ಕೆ ಬಾರದು. ಪ್ರವಾಸಿ ಮೈಸೂರಿಗೆ ಬರಲಾರನಾದ್ದರಿಂದ ಮೈಸೂರಿನ ಸರಕೇ ಅವನ ದಾರಿಗೆ ಹೋಗಿ ನಿಲ್ಲಬೇಕು.

ಇದರ ಆದಾಯವನ್ನು ಒಂದು ಉದಾಹರಣೆಯಿಂದ ಅಂದಾಜಿಸಬಹುದು. ಹಡಗೊಂದರಿಂದ 400 ಜನ ಇಳಿದು, ಅವರಲ್ಲಿ ಅರ್ಧದಷ್ಟು ಜನ ತಲಾ 500 ರೂಪಾಯಿಯ ಕರಕುಶಲ ವಸ್ತು ಕೊಂಡರೆಂದು ಊಹಿಸಿದರೆ ಒಟ್ಟು ವಹಿವಾಟು 1 ಲಕ್ಷ ರೂಪಾಯಿ. ಅದರ ಕಾಲುಭಾಗ ಮೈಸೂರಿನ ಪಾಲಿಗೆ ಬಂದರೆ 25,000. ಋತುವಿನಲ್ಲಿ ಹತ್ತು ಹಡಗು ಬಂದರೂ ಎರಡೂವರೆ ಲಕ್ಷ. ಸಾಗಣೆ, ಮಾರಾಟಗಾರರ ಸಂಬಳ, ತಂಗುವ ಖರ್ಚು, ತೆರಿಗೆ, ಮಧ್ಯವರ್ತಿಯ ಕಮಿಷನ್ ಕಳೆದರೆ ಒಬ್ಬ ಉತ್ಪಾದಕನಿಗೆ ಇದು ಗಿಟ್ಟುವ ಬಾಬಲ್ಲ. ಹತ್ತು ಜನ ಕೂಡಿ ಒಂದೇ ಮಳಿಗೆ ನಡೆಸಿದರೆ ಖರ್ಚು ಹಂಚಿಹೋಗುತ್ತದೆ. ವಿದೇಶೀ ಗಿರಾಕಿಯ ಅಭಿರುಚಿಯನ್ನು ಸ್ವದೇಶದಲ್ಲೇ ಅರಿಯುವ ಅವಕಾಶವೂ ಸಿಗುತ್ತದೆ. ವಿದೇಶದ ವಸ್ತುಪ್ರದರ್ಶನಗಳಿಗೆ ಹೋಗಿಬರುವ ವೆಚ್ಚದೊಡನೆ ತೂಗಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ.

ಯಾವ ಸರಕು ಹಡಗೇರುತ್ತದೆ?

ಮೈಸೂರಿನ ರೇಷ್ಮೆ, ಊದುಬತ್ತಿ, ಗಂಧದೆಣ್ಣೆ, ಬೀಟೆ ಮರದ ಇನ್ಲೇ ಕೆಲಸ, ಗಂಜೀಫಾ ಎಲೆಗಳು, ಸಾಂಪ್ರದಾಯಿಕ ಚಿತ್ರಕಲೆ ಇವೆಲ್ಲವೂ ಭೌಗೋಳಿಕ ಸೂಚಕ ಮಾನ್ಯತೆ ಪಡೆದವು. ಆದರೆ ಇವುಗಳಲ್ಲಿ ಎಲ್ಲವೂ ಒಂದೇ ಸಮನಾಗಿ ಹಡಗಿಗೆ ಒಗ್ಗುವುದಿಲ್ಲ.

ಊದುಬತ್ತಿಯ ತಯಾರಕರು ಗಮನಿಸಬೇಕಾದ ಸಂಗತಿಯೊಂದಿದೆ. ಬೆಂಕಿಯ ಭಯದಿಂದ ಹಲವು ಕ್ರೂಸ್ ಕಂಪನಿಗಳು ಮೇಣದಬತ್ತಿಯನ್ನೂ ಊದುಬತ್ತಿಯನ್ನೂ ನಿಷಿದ್ಧ ವಸ್ತುಗಳ ಪಟ್ಟಿಗೆ ಸೇರಿಸಿವೆ. ಗಿರಾಕಿ ಕೊಂಡ ಪೊಟ್ಟಣವನ್ನು ಹಡಗಿನ ಭದ್ರತಾ ಸಿಬ್ಬಂದಿ ವಶಪಡಿಸಿಕೊಂಡರೆ ಹೆಸರು ಕೆಡುವುದು ಮೈಸೂರಿನದೇ. ಬರುವ ಹಡಗಿನ ನಿಯಮವೇನೆಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಸಾಬೂನು ಮತ್ತು ಬಟ್ಟೆಯ ನಡುವೆ ಇಡುವ ಸುಗಂಧದ ಪುಟ್ಟ ಚೀಲಗಳಿಗೆ ಈ ತೊಡಕಿಲ್ಲ.

ಬೀಟೆ ಮರದ ವಿಷಯದಲ್ಲಿಯೂ ನಿಯಮವುಂಟು. ಈ ಜಾತಿಯ ಮರಗಳನ್ನೆಲ್ಲ 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಗಿದ್ದು, ಇದರಿಂದ ಮೈಸೂರಿನ ಇನ್ಲೇ ಕುಶಲಕರ್ಮಿಗಳು ಹಾಗೂ ರಫ್ತುದಾರರಿಗೆ ಹೊಸ ದಾಖಲೆಪತ್ರಗಳ ಹೊರೆ ಬಿದ್ದಿತು. 2019ರ ತಿದ್ದುಪಡಿಯ ಪ್ರಕಾರ, ಒಂದು ರವಾನೆಯಲ್ಲಿ ಆ ಮರದ ತೂಕವು 10 ಕಿಲೋ ಮೀರದ ಸಿದ್ಧ ವಸ್ತುಗಳಿಗೆ ಒಪ್ಪಂದದ ಪರವಾನಗಿಯಿಂದ ವಿನಾಯಿತಿಯಿದೆ. ಗೋಡೆಗೆ ತೂಗುಹಾಕುವ ಸಣ್ಣ ಫಲಕ, ಆಭರಣದ ಪೆಟ್ಟಿಗೆಗಳು ಈ ಮಿತಿಯೊಳಗೇ ಬರುತ್ತವೆ. ಈ ವಿವರವನ್ನು ಬಿಲ್ಲಿನ ಜೊತೆ ಒಂದು ಚೀಟಿಯಲ್ಲಿ ಮುದ್ರಿಸಿ ಕೊಟ್ಟರೆ ಪ್ರಯಾಣಿಕನ ಅಳುಕು ದೂರವಾಗುತ್ತದೆ.

ರೇಷ್ಮೆಯಲ್ಲಿ ವಿದೇಶೀಯನಿಗೆ ಸೀರೆಗಿಂತ ಶಾಲು, ಸ್ಕಾರ್ಫ್, ಟೈಗಳೇ ಉಪಯುಕ್ತ. ಯಾನದ ಕೊನೆಗೆ ಅವನು ವಿಮಾನದಲ್ಲಿ ಊರಿಗೆ ಮರಳುವವನಾದ್ದರಿಂದ ಸರಕು ಹಗುರವೂ ಒಡೆಯದಂತಹದೂ ಆಗಿರಬೇಕು. ಬೆಲೆ ಸ್ಪಷ್ಟವಾಗಿ ನಮೂದಾಗಿರಬೇಕು. ಚೌಕಾಸಿಗೆ ಅವನಿಗೆ ವೇಳೆಯಿಲ್ಲ. ವಿದೇಶೀ ಬ್ಯಾಂಕ್ ಕಾರ್ಡುಗಳನ್ನು ಸ್ವೀಕರಿಸುವ ಯಂತ್ರ ಅನಿವಾರ್ಯ.

ಅನಿಶ್ಚಿತತೆಯ ಅರಿವು

ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 30ರಂದು 'ಕ್ರೂಸ್ ಭಾರತ್ ಮಿಷನ್' ಆರಂಭಿಸಿ, 2029ರೊಳಗೆ ಸಮುದ್ರ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು 10 ಲಕ್ಷಕ್ಕೆ ಏರಿಸುವ ಗುರಿಯಿಟ್ಟಿತು. ಹಡಗಿನ ಮೂಲಕ ಬರುವವರಿಗೆ ಇ-ವೀಸಾ ಸೌಲಭ್ಯವನ್ನು 2017ರಲ್ಲಿ ಮೊದಲು ಕಲ್ಪಿಸಿದ ಮೂರು ಬಂದರುಗಳಲ್ಲಿ ಕೊಚ್ಚಿ, ಗೋವಾಗಳೊಡನೆ ಮಂಗಳೂರೂ ಒಂದಾಗಿತ್ತು. ಇವು ಆಶಾದಾಯಕ. ಆದರೆ 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದಾಗ ಹಲವು ಕ್ರೂಸ್ ಕಂಪನಿಗಳು ಆ ಮಾರ್ಗವನ್ನೇ ಕೈಬಿಟ್ಟವು. ಯುರೋಪಿನ ಹಡಗು ಚಳಿಗಾಲಕ್ಕೆ ಅರಬ್ಬೀ ಸಮುದ್ರಕ್ಕೆ ಬರುವ ಹತ್ತಿರದ ಹಾದಿ ಅದೇ. ದೂರದ ಯುದ್ಧ, ವ್ಯಾಧಿಗಳಿಂದ ಒಂದು ಋತುವೇ ಬರಿದಾಗಬಹುದು. ಆದುದರಿಂದ ಕೇವಲ ಕ್ರೂಸ್ ಗಿರಾಕಿಗಳನ್ನು ನಂಬಿ ಸಾಲ ಮಾಡಿ ಮಳಿಗೆ ತೆರೆಯುವುದಾಗಲಿ, ಯಂತ್ರೋಪಕರಣ ಕೊಳ್ಳುವುದಾಗಲಿ ವಿವೇಕವಲ್ಲ. ಹಡಗು ಬಾರದಿದ್ದರೆ ಇತರೆಡೆ ಮಾರಬಹುದಾದ ಸರಕನ್ನಷ್ಟೇ ಒಯ್ಯಬೇಕು.

ಮಾಡಬೇಕಾದ ಸಿದ್ಧತೆ

ಕ್ರೂಸ್ ಕಂಪನಿಗಳು ತಮ್ಮ ಯಾನದ ವೇಳಾಪಟ್ಟಿಯನ್ನು ಒಂದೆರಡು ವರ್ಷ ಮುಂಚಿತವಾಗಿಯೇ ಪ್ರಕಟಿಸಿ ಟಿಕೆಟ್ ಮಾರುತ್ತವೆ. ಯಾವ ಹಡಗು, ಯಾವ ದಿನ, ಯಾವ ದೇಶದ ಪ್ರಯಾಣಿಕರು ಎಂಬುದನ್ನು ಮೊದಲೇ ತಿಳಿಯಬಹುದು. ಜರ್ಮನ್ ಹಡಗಾದರೆ ಸರಕಿನ ವಿವರಣೆಯನ್ನು ಜರ್ಮನ್ ಭಾಷೆಯಲ್ಲಿಯೂ ಮುದ್ರಿಸಬಹುದು. ಪ್ರಯಾಣಿಕರ ಬಸ್ಸು ಎಲ್ಲಿ ನಿಲ್ಲಬೇಕೆಂಬುದನ್ನು ಪ್ರವಾಸ ಏರ್ಪಡಿಸುವ ಏಜೆನ್ಸಿಗಳು ತಿಂಗಳುಗಳ ಮೊದಲೇ ನಿರ್ಧರಿಸುತ್ತವೆ. ಹಡಗು ಬಂದ ದಿನ ಬಾಗಿಲಲ್ಲಿ ನಿಂತರೆ ಫಲವಿಲ್ಲ; ಮಳೆಗಾಲದಲ್ಲಿಯೇ ಆ ಏಜೆನ್ಸಿಗಳೊಡನೆ ಮಾತುಕತೆ ಮುಗಿದಿರಬೇಕು. ಬಂದರಿನ ಒಳಗೆ ಮಳಿಗೆ ಬೇಕಾದರೆ ಬಂದರು ಪ್ರಾಧಿಕಾರದ ಅನುಮತಿಯೂ ಭದ್ರತಾ ಪಾಸುಗಳೂ ಅಗತ್ಯ. ಇವು ಬಿಡಿ ವ್ಯಾಪಾರಿಯಿಂದ ಆಗುವ ಕೆಲಸಗಳಲ್ಲ. ವಾಣಿಜ್ಯ ಸಂಘಟನೆ, ಕುಶಲಕರ್ಮಿಗಳ ಸಂಘಗಳು, 'ಕಾವೇರಿ' ಮಳಿಗೆಗಳನ್ನು ನಡೆಸುವ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಇವು ಒಟ್ಟಾಗಿ ಪ್ರಾಧಿಕಾರದ ಮುಂದೆ ಒಂದೇ ಬೇಡಿಕೆಯನ್ನಿಟ್ಟರೆ ಕಾರ್ಯ ಸುಗಮವಾಗುತ್ತದೆ.

ಸಾಗಣೆಗೆ ಮಡಿಕೇರಿ–ಸಂಪಾಜೆಯ ಹೆದ್ದಾರಿಯೂ ಹಾಸನದ ಮೂಲಕ ಹೋಗುವ ರೈಲುಮಾರ್ಗವೂ ಇವೆ. 2018ರ ಆಗಸ್ಟ್‌ನ ಭೂಕುಸಿತದಿಂದ ಘಟ್ಟದ ರಸ್ತೆ ಮುಚ್ಚಿದ ಅನುಭವವಿರುವುದರಿಂದ ಕೊನೆಯ ಗಳಿಗೆಯ ಸಾಗಣೆಯನ್ನು ನೆಚ್ಚದೆ, ಅಕ್ಟೋಬರ್ ಅಂತ್ಯದೊಳಗೆ ಋತುವಿಗೆ ಬೇಕಾದ ಸರಕನ್ನು ಮಂಗಳೂರಿನಲ್ಲಿ ದಾಸ್ತಾನು ಮಾಡುವುದು ಕ್ಷೇಮ. ಮೊದಲ ಋತುವಿನಲ್ಲಿ ಹತ್ತು ಉತ್ಪಾದಕರು, ಒಂದು ಮಳಿಗೆ, ಇಪ್ಪತ್ತು ಬಗೆಯ ವಸ್ತುಗಳು, ಪ್ರತಿಯೊಂದರ ಮಾರಾಟದ ದಾಖಲೆ, ಇಷ್ಟರಿಂದ ಆರಂಭಿಸಬಹುದು. ಎರಡನೆಯ ಋತುವಿಗೆ ಏನು ತಯಾರಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಆ ದಾಖಲೆಯೇ ತಿಳಿಸುತ್ತದೆ.